ಗುಯ್‌ಜೆನ್ ಕುದಿಸಿದ ಬೀಜ

ಬಸುರಿಯನ್ನು ಹೆದರಿಸಬಾರದು ಎಂಬ ಮಾತನ್ನು ಗುಯ್‌ಜೆನ್ ಅಜ್ಜಿ ಜೀವಮಾನವಿಡೀ ಪಾಲಿಸಿದವಳು. ಚೀನಾದ ನಿಂಗ್‌ಶಿಯಾ ಸೀಮೆಯ ಆ ಕಾಲುವೆ ಬದಿಯ ಮುಸಲ್ಮಾನರ ಊರಿನಲ್ಲಿ ಬಸಿರು ನಿಲ್ಲದ ಹೆಂಗಸರೆಲ್ಲ ಬರುತ್ತಿದ್ದದ್ದು ಅವಳ ಬಾಗಿಲಿಗೇ. ಸೋಯಾ ಗಿಡಗಳ ಸಾರ ಹೀರುವ ಬೇರಿಲ್ಲದ ಹಳದಿ ಬಳ್ಳಿಯನ್ನು ಊರವರು ಕಂಡಲ್ಲಿ ಕಿತ್ತು ಸುಡುತ್ತಿದ್ದರು. ಇವಳು ಅದರ ಬೀಜ ಬಡಿದು, ಮೊರದಲ್ಲಿ ಕೇರಿ ಜಾಡಿಗೆ ತುಂಬುತ್ತಿದ್ದಳು. ಮದ್ದಾಗಿ ಕೊಡುವ ಮುಂಚೆ ಬಂದವರ ಕಣ್ಣೆದುರೇ ಒಂದು ಚಿಟಿಕೆ ಕುದಿಸಿ ತೋರಿಸುವಳು. ಬೀಜ ಬಿರಿದು ಬಿಳಿ ಎಳೆ ಉಗುಳಿದರೆ ಅಸಲಿ, ಇಲ್ಲದಿದ್ದರೆ ಬರೀ ಮರಳು.

ಈ ಸಲ ಬಸುರಿಯಾದವಳು ಸ್ವಂತ ಸೊಸೆ ಲಿಯಾನ್‌ಹುವಾ. ಹಿಂದೆ ಎರಡು ಸಲ ಬಸಿರು ಕಳೆದುಕೊಂಡ ಹುಡುಗಿ, ಪಾಪ. ಊರವರು ಹೊಲಗಳನ್ನೆಲ್ಲ ಚೊಕ್ಕಟ ಮಾಡಿಬಿಟ್ಟಿದ್ದರಿಂದ ಅಜ್ಜಿ ಕಾಲುವೆ ದಂಡೆಯ ಪೊದೆಗಳಿಂದ ಬಳ್ಳಿ ಎಳೆದು ತಂದಿದ್ದಳು. ಸೊಸೆಯ ಕಣ್ಣೆದುರೇ ಕುದಿಸಿದಾಗ ಬೀಜ ಎಳೆ ಉಗುಳಿತು. ಬೆಳಿಗ್ಗೆ ಸೊಸೆ ಒಂದು ಬಟ್ಟಲು ಕಷಾಯ ಕುಡಿದಳು.

ಆಮೇಲೆ ಅಂಗಳದಲ್ಲಿ ಆ ಬಳ್ಳಿ ಬಡಿದ ಹೊಟ್ಟು ಗುಡಿಸುವಾಗ ಅಜ್ಜಿಯ ಬೆರಳಿಗೆ ಮುಳ್ಳು ಚುಚ್ಚಿತು. ವಿಷದ ಉಮ್ಮತ್ತಿ ಕಾಯಿ. ಹಳದಿ ಬಳ್ಳಿ ಅದನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತು. ಬಳ್ಳಿ ಯಾವ ಗಿಡದ ಅನ್ನ ತಿನ್ನುತ್ತದೋ ಆ ಗಿಡದ ಗುಣವೇ ಅದಕ್ಕೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಕುದಿಸಿದರೆ ಬಳ್ಳಿ ಯಾವುದೆಂದು ತಿಳಿದೀತು, ಅದು ಉಂಡ ಮನೆ ಯಾವುದೆಂದು ತಿಳಿದೀತೇ?

ಒಳಗೆ ಓಡಿದವಳೇ ಮಡಕೆಯಲ್ಲಿ ಉಳಿದದ್ದನ್ನೆಲ್ಲ ಗಟಗಟ ಕುಡಿದಳು. ವಿಷವಿದ್ದರೆ ಬಾಯಿ ಒಣಗುತ್ತದೆ. ತನ್ನದೇ ಬಾಯಿಂದ ಗೊತ್ತಾಗಲಿ ಎಂದು.

ಒಳಗಿನ, ಒಲೆಯ ಕಾವಿಗೆ ಬೆಚ್ಚಗಿದ್ದ ಮಣ್ಣಿನ ಜಗಲಿಯ ಮೇಲೆ ಕೂತು ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಲಿಯಾನ್‌ಹುವಾ ನಕ್ಕಳು.

“ಏನತ್ತೆ, ನಿಮಗೂ ಬಯಕೆ ಶುರುವಾಯ್ತಾ?”

“ಚೆಲ್ಲೋದ್ಯಾಕೆ ಅಂತ ಕುಡಿದೆ ಕಣೇ. ನೀನು ತಿನ್ನು ಸುಮ್ನೆ.”

ಅಜ್ಜಿ ಎದುರು ಕೂತು ಸೊಸೆ ಉಗುಳುವ ಸಿಪ್ಪೆಗಳನ್ನೇ ನೋಡಿದಳು. ಒದ್ದೆಯಾಗಿದ್ದವು. ಯಾ ಅಲ್ಲಾಹ್, ಒದ್ದೆಯಾಗಿಯೇ ಇರಲಿ. ಅಷ್ಟರಲ್ಲಿ ಅವಳದೇ ನಾಲಿಗೆ ಅಂಗುಳಕ್ಕೆ ಅಂಟಿತು. ಇದು ವಿಷವೋ ಹೆದರಿಕೆಯೋ, ಹಾಳಾದ್ದು, ಹೇಗೆ ತಿಳಿಯುವುದು? ಹೇಳಿದರೆ ಹುಡುಗಿ ಬೆದರಿ ಬಸಿರು ಜಾರೀತು. ಹೇಳದಿದ್ದರೆ ತಾಯಿ ಮಗು ಇಬ್ಬರೂ ಕೈತಪ್ಪಿ ಹೋದಾರು.

ಲಿಯಾನ್‌ಹುವಾ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಯಾಕೋ ಸಾಕು ಅತ್ತೆ. ಸಿಪ್ಪೆ ತುಟಿಗೇ ಅಂಟ್ಕೋತಿದೆ. ಸ್ವಲ್ಪ ನೀರು ಕೊಡಿ.”

ಅಜ್ಜಿ ನೀರು ತಂದಳು.

“ಏಳು ಮಗಳೇ, ಆಸ್ಪತ್ರೆಗೆ ಹೋಗ್ಬೇಕು. ನಾನು ಕೊಟ್ಟಿದ್ರಲ್ಲಿ ವಿಷ ಇತ್ತು.”

ಲಿಯಾನ್‌ಹುವಾಳ ಎರಡೂ ಕೈ ಹೊಟ್ಟೆಯ ಮೇಲೆ ಹೋದವು.

“ನನ್ನೆದುರಿಗೇ ಕುದಿಸಿ ತೋರಿಸಿದ್ರಲ್ಲ ಅತ್ತೆ,” ಎಂದಳು.