ನಿಧಾನದ ಮೊಲ

ನಮ್ಮಮ್ಮ ಕಾರ್ಡೀಲಿಯಾಳ ಬಾಯಿಗೆ ನಮ್ಮೂರು ರೋಸ್‌ಬಡ್‌ನಲ್ಲಿ ಹೆದರದವರಿಲ್ಲ. ಆದರೆ ಅಳಿಯನೊಡನೆ ಮಾತ್ರ ಅವಳು ಮಾತಾಡುವ ಹಾಗಿಲ್ಲ, ಅವನೂ ಅತ್ತೆಯೊಡನೆ ಮಾತಾಡುವ, ಮುಖ ನೋಡುವ ಹಾಗಿಲ್ಲ. ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟಾ ಜನರ ಮರ್ಯಾದೆ ಅದು. ಹಾಗಾಗಿ ಅವನಿಗೆ ಹೇಳಬೇಕಾದ್ದನ್ನೆಲ್ಲ ಅಮ್ಮ ನಮ್ಮ ನಾಯಿ ಮೇಜರ್‌ಗೆ ಹೇಳುತ್ತಾಳೆ.

ನನ್ನ ಗಂಡ ಡ್ವೇನ್ ಶಹರದಲ್ಲಿ ಬೆಳೆದವನು, ನಮ್ಮ ಮಾತು ಕಲಿತದ್ದು ಮದುವೆಯಾದ ಮೇಲೆ. ಚಳಿಗಾಲದಲ್ಲಿ ನಮ್ಮಪ್ಪ ಕಥೆ ಹೇಳುತ್ತಿದ್ದ, ಅಮ್ಮ ಹೂಂಗುಡುತ್ತಿದ್ದಳು. ಹೂಂಗುಡುವವರಿಲ್ಲದೆ ನಮ್ಮಲ್ಲಿ ಕಥೆ ಮುಂದೆ ಹೋಗುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅದೆಲ್ಲ ನಿಂತೇಹೋಯಿತು. ಆ ಕಥೆಗಳನ್ನು ನಮ್ಮ ಮಗಳಿಗೆ ತಾನು ಹೇಳಬೇಕೆಂದು ಡ್ವೇನ್‌ಗೆ ಆಸೆ. ಅದಕ್ಕೆ ಅಮ್ಮ ಒಪ್ಪಿ ಹೂಂಗುಡಬೇಕು.

ಹಿಮ ಬಿದ್ದ ದಿನವೇ ಮೊಲದ ಕಥೆ ಶುರುಮಾಡಿದ. ಅಮ್ಮ ಪರದೆಯ ಆಚೆ ಕೂತು ಕೇಳಿದಳು. ಹೂಂ ಎನ್ನಲಿಲ್ಲ.

"ಮೇಜರ್, ಕೇಳಿದ್ಯೇನೋ? ಮೊಲ ಎದ್ದಿತಂತೆ, ಆಮೇಲೆ ಓಡಿತಂತೆ. ಚಂಗನೆ ಎದ್ದುಬಿಡ್ತು, ಓಡಿಬಿಡ್ತು ಅನ್ನೋಕೇನು ಧಾಡಿ? ಇಷ್ಟು ನಿಧಾನದ ಮೊಲಾನ ನೀನೂ ಹಿಡೀತೀಯ."

ಮೇಜರ್‌ಗೆ ವಯಸ್ಸಾಗಿ ಹಲ್ಲೇ ಉಳಿದಿರಲಿಲ್ಲ.

ತಟ್ಟನೆ ಆದದ್ದನ್ನು ಹೇಳಲು ನಮ್ಮ ಮಾತಿನಲ್ಲಿ ಕ್ರಿಯಾಪದಕ್ಕೊಂದು ಬಾಲ ಹಚ್ಚಬೇಕು. ಡ್ವೇನ್ ಅದನ್ನು ಉರು ಹೊಡೆದ, ಕಥೆಗೆ ಕೂತರೆ ಮರೆತ.

"ನಾಲಿಗೆ ಹೊರಳ್ತಿಲ್ಲ ಅಂತ ನಿಮ್ಮಮ್ಮಂಗೆ ಹೇಳೇ," ಎಂದು ನನ್ನ ಬಳಿ ಗೋಳಾಡಿದ.

"ನಾಲಿಗೆ ಅಲ್ಲ ಕಣೇ, ನಿನ್ನ ಗಂಡಂಗೆ ಗಾಬರೀನೇ ಆಗಲ್ಲ," ಎಂದಳು ಅಮ್ಮ.

ನಡುವೆ ಸಿಕ್ಕಿಕೊಂಡ ನನಗೆ ಇಬ್ಬರ ಮೇಲೂ ಸಿಟ್ಟು.

ಒಂದು ಮಧ್ಯಾಹ್ನ ಚುರುಕು ಬಿಸಿಲು ಬಂತು. ಅಮ್ಮ ಸೂರಿನ ಕೆಳಗೆ ನಿಂತು ಮೇಜರ್‌ಗೆ ಸೂಪು ಸುರಿಯುತ್ತಿದ್ದಳು. ತಗಡಿನ ಮಾಡಿನ ಮೇಲಿದ್ದ ಹಿಮ ಕದಲಿತು.

"ಜಾರಿಬಿಡ್ತು! ಈಚೆ ಬನ್ನಿ!"

ಡ್ವೇನ್ ಅತ್ತೆಯ ಮುಖ ನೋಡಿಯೇ ಕಿರುಚಿದ್ದ, ನಮ್ಮ ಮಾತಿನಲ್ಲಿ, ಬಾಲದ ಸಮೇತ.

ಅಮ್ಮ ಪಕ್ಕಕ್ಕೆ ಹಾರಿದಳು. ಅವಳು ನಿಂತಿದ್ದಲ್ಲಿ ಹಿಮದ ರಾಶಿ ಬಂದು ಬಿತ್ತು. ಮರುಕ್ಷಣ ಅಮ್ಮ ಶಾಲಿನಿಂದ ಮುಖ ಮುಚ್ಚಿಕೊಂಡಳು, ಡ್ವೇನ್ ನಾಚಿ ಟ್ರಕ್ಕಿನ ಹಿಂದೆ ಅಡಗಿದ. ನನಗೆ ನಗು ತಡೆಯಲಾಗಲಿಲ್ಲ.

"ಮೇಜರ್," ಅಮ್ಮ ಹಿಮ ಕೊಡವಿಕೊಳ್ಳುತ್ತ ಗಟ್ಟಿಯಾಗಿ ಹೇಳಿದಳು, "ಸಂಜೆ ಆ ಮೊಲ ಇನ್ನೊಂದು ಸಲ ಓಡ್ಲಿ, ನೋಡೋಣ."

ಸಂಜೆ ಮಗಳು ಅಪ್ಪನ ತೊಡೆಯೇರಿದಳು. ಮೊಲ ಚಂಗನೆ ಎದ್ದುಬಿಟ್ಟಿತು, ಓಡಿಬಿಟ್ಟಿತು. ಡ್ವೇನ್ ಮಾತು ನಿಲ್ಲಿಸಿ ಪರದೆಯ ಕಡೆ ನೋಡಿದ.

"ಹೂಂ," ಅಂದಳು ಅಮ್ಮ ಆಚೆಯಿಂದ. "ಆಮೇಲೆ?"