ಕೌದಿಯ ಮೂಲೆಗೊಂದು ತುತ್ತು

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಹಾಸಿಗೆಯ ಚಾದರ ನಾಲ್ಕೂ ಮೂಲೆಗೆ ಬಿಗಿಯಾಗಿರಬೇಕು, ರೋಗಿಯ ಹತ್ತಿರ ಪ್ರಾಣಿ ಸುಳಿಯಬಾರದು. ತರಬೇತಿಯ ಹಾಸ್ಟೆಲಿನಲ್ಲಿ ಕಲಿತ ಈ ಎರಡು ನಿಯಮಗಳನ್ನು ಮನೆಯಲ್ಲೂ ಪಾಲಿಸಿಕೊಂಡು ಬಂದಿದ್ದೆ. ಲಕ್ವ ಹೊಡೆದ ಅಕ್ಕನನ್ನು ಕೊರ್ಲಹಳ್ಳಿಯಿಂದ ನನ್ನ ಬೆಟಗೇರಿಯ ಮನೆಗೆ ಕರೆತಂದ ದಿನ ಎರಡೂ ಮುರಿದವು. ಅವಳ ಜೊತೆ ಹಳೆಯ ಸೀರೆಗಳ ತುಂಡು ಸೇರಿಸಿ ಅವ್ವ ಹೊಲಿದ ಕೌದಿ ಬಂತು. ಅವಳ ಕೆಂಚು ನಾಯಿಯೂ ಬಂತು.

"ನಾಯಿ ಹೊರಗಿರ್ಲಿ," ಎಂದೆ.

"ಹಂಗಾರ ನನ್ನೂ ಹೊರಗ ಹಾಕು," ಎಂದಳು. ಮಾತು ಅರ್ಧ ಬಾಯಿಂದ ಬರುತ್ತಿತ್ತು, ಹಟ ಮಾತ್ರ ಪೂರ್ತಿ ಇತ್ತು.

ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕನಿಗೆ ನುಂಗಲು ಬರುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಹೊತ್ತುಹೊತ್ತಿಗೆ ಗಂಜಿ ಬಿಡುತ್ತಿದ್ದೆ. ಅವಳಿಗಿದ್ದದ್ದು ಒಂದೇ ಆಸೆ: ಅವ್ವನ ಕೌದಿ ಹೊದ್ದುಕೊಂಡೇ ಹೋಗಬೇಕು.

ಅದರ ಅಂಚು ಬಿಚ್ಚಿತ್ತು, ಹೊಲಿದುಕೊಟ್ಟೆ. ನಮ್ಮ ಕಡೆ ಕೌದಿ ಮುಗಿಸುವಾಗ ಕಡೆಯ ಮೂಲೆಯೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಮುಚ್ಚುತ್ತಾರೆ. ಹಸಿದ ಕೌದಿಯನ್ನು ಯಾರೂ ಹೊದೆಯುವುದಿಲ್ಲ. ಅಂದು ಹುಣ್ಣಿಮೆ, ಮನೆಯಲ್ಲಿ ಹೋಳಿಗೆ ಮಾಡಿದ್ದೆ.

"ನನ್ನ ಪಾಲಿಂದು ಅದಕ್ಕ ಹಾಕು," ಎಂದಳು ಅಕ್ಕ. "ತುಪ್ಪ ಹಚ್ಚಿ ಹಾಕು. ಹಬ್ಬದಾಗ ಒಣಾ ರೊಟ್ಟಿ ಯಾರ್ ತಿಂತಾರ?"

ತುಪ್ಪ ಹಚ್ಚಿಯೇ ಹಾಕಿದೆ.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕೌದಿ ನೆಲದ ಮೇಲಿತ್ತು. ನಾಯಿ ಮೂಲೆಯನ್ನು ಕಚ್ಚಿ ಎಳೆದಿತ್ತು. ಇಲಿ ಕಾಟಕ್ಕೆಂದು ಹಿತ್ತಲಲ್ಲಿ ನಾನು ಸಾಕಿದ ಬೆಕ್ಕು ಒಳಗೆ ಬಂದು ಉಳಿದ ಹೂರಣ ನೆಕ್ಕುತ್ತಿತ್ತು. ಅವ್ವನ ಇಳಕಲ್ ಸೀರೆಯ ತುಂಡು, ಕೌದಿಯ ಕಾಲುಭಾಗ, ಎಳೆ ಎಳೆಯಾಗಿತ್ತು. ನಾಯಿಗೆ ಕೋಲು ಹುಡುಕಿದೆ.

"ಬಡೀಬ್ಯಾಡ," ಎಂದಳು. "ನಾ ನೋಡ್ಕೋತ ಮಲಗಿದ್ದೆ. ಒದರಾಕ ಬರ್ಲಿಲ್ಲ." ಒಂದೇ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ತೇಪೆಗೆ ನನ್ನ ಡ್ಯೂಟಿಯ ಬಿಳಿ ಸೀರೆ ತೆಗೆದೆ. ಒಗೆದು ಒಗೆದು ಮೆತ್ತಗಾದ ಬಟ್ಟೆ.

"ಬಿಳೇದು ಬ್ಯಾಡ. ದವಾಖಾನಿ ವಾಸನಿ ಬರ್ತೈತಿ." ಬಿಳಿ ಸೀರೆಯನ್ನು ಆಚೆ ಸರಿಸಿದಳು. "ಹೆಂಗೂ ನನಗೊಂದು ಸೀರಿ ತರೂದೈತಲ್ಲ ನೀನು. ಈಗ ತಂದುಬಿಡು. ಸೆರಗಿಂದೊಂದು ತುಂಡು ಕೌದಿಗೆ ಹಚ್ಚು. ಉಳದದ್ದು ನನಗ ಉಡಸು."

ಹೆಣ್ಣುಮಗಳು ತೀರಿಕೊಂಡರೆ ಮೈಮೇಲಿನ ಕಡೆಯ ಸೀರೆ ತವರಿನಿಂದ ಬರಬೇಕು. ಅಕ್ಕನ ತವರಿನಲ್ಲಿ ಉಳಿದವಳು ನಾನೊಬ್ಬಳೇ.

"ತುಂಡು ಸೀರಿ ಉಡಿಸಿ ಕಳಸ್ಲೇನು?"

"ನಾ ಏನ್ ಅಲ್ಲಿ ಮದವಿಗೆ ಹೊಂಟೇನೇನು?"

ಹಿಂದಿನ ಓಣಿಯ ನೇಕಾರರ ಮನೆಯಿಂದ ಹಸಿರು ಮೈ, ಕೆಂಪು ಸೆರಗಿನ ಸೀರೆ ತಂದೆ. ಸ್ವಾಧೀನವಿದ್ದ ಕೈಯಿಂದ ಸವರಿ ನೋಡಿದಳು. ಅವಳ ಮುಂದೆಯೇ ಕತ್ತರಿಸಿದೆ.

ಮಂಚದ ಪಕ್ಕ ನೆಲದ ಮೇಲೆ ಕುಳಿತು ಹೊಲಿದೆ. ಹಳೆಯ ಬಟ್ಟೆ ಅಡಿಗೆ, ಹೊಸದು ಮೇಲೆ, ಅಂಚಿನಿಂದ ನಡುವಿನ ಕಡೆಗೆ. ಅವ್ವನ ಹೊಲಿಗೆ ಎಲ್ಲೂ ನೆಟ್ಟಗಿರಲಿಲ್ಲ, ಆದರೂ ಎಲ್ಲೂ ಬಟ್ಟೆಯನ್ನು ಜಗ್ಗಿರಲಿಲ್ಲ. ನನ್ನದು ಸಣ್ಣದು, ಒತ್ತೊತ್ತು.

"ಗಾಯಕ್ಕ ಹಾಕೂ ಹೊಲಿಗಿ ಹಾಕೀಯಲ್ಲ, ಡಾಕ್ಟರಬಾಯಿ," ಎಂದಳು ಅಕ್ಕ. "ಸಡಲ ಬಿಡು."

ಬಿಚ್ಚಿ ಮತ್ತೆ ಹೊಲಿದೆ.

ಮೂಲೆ ಬಾಕಿ ಉಳಿಯಿತು. ಈ ಸಲ ಹಬ್ಬದ ಮಾತು ಕೇಳುವುದಿಲ್ಲ, ನಾಯಿಗೆ ವಾಸನೆ ಹತ್ತದ, ಕಟಕ್ಕೆಂದು ಮುರಿಯುವಂಥ ಒಣ ರೊಟ್ಟಿಯೇ ಎಂದೆ. ಒಪ್ಪಿದಳು. ಜೋಳದ ರೊಟ್ಟಿ ಬಡಿದು, ಮೇಲೆ ಜರಡಿ ಮುಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟೆ. ಅಂದಿನಿಂದ ಮೋಡ ಕವಿಯಿತು. ಥಂಡಿಗಾಳಿ ಬಿಟ್ಟಿತು. ರೊಟ್ಟಿ ಮೆತ್ತಗೇ ಉಳಿಯಿತು. ಒಲೆಯ ಮೇಲೆ ಒಣಗಿಸಿದರೆ ಸುಟ್ಟ ವಾಸನೆಗೆ ನಾಯಿ ಬಂದೀತೆಂದು ಬಿಸಿಲಿಗೇ ಕಾದೆ. ಅಕ್ಕ ನಡುಗುತ್ತಿದ್ದಳು. ಕೌದಿ ಹೊದಿಸಲು ಹೋದರೆ ಕೈಯಿಂದ ನೂಕಿದಳು.

"ಹಸದದ್ದನ್ನ ನನ್ನ ಮ್ಯಾಲೆ ಹಾಕಬ್ಯಾಡ."

ಉಣ್ಣೆಯ ಕಂಬಳಿ ಹೊದಿಸಿದೆ. ದಿನವೂ ಕೇಳುತ್ತಿದ್ದಳು, "ಒಣಗೇತೇನು?"

"ನಾಳೆ ಒಣಗತೈತಿ."

ಒಂದು ಬೆಳಿಗ್ಗೆ ಗಂಜಿ ತಂದಾಗ ಅಕ್ಕ ಕೇಳಲಿಲ್ಲ. ಬಟ್ಟಲು ಕೆಳಗಿಟ್ಟು ನಾಡಿ ಹಿಡಿದೆ. ಹಿಡಿಯುವ ಮೊದಲೇ ಗೊತ್ತಾಗಿತ್ತು.

ಕೊರ್ಲಹಳ್ಳಿಯಿಂದ ಅವಳ ಗಂಡನ ಕಡೆಯವರು ಬಂದರು. ಸೀರೆ ಉಡಿಸುವಾಗ ಅವರಲ್ಲಿ ಹಿರಿಯಳೊಬ್ಬಳು ಸೆರಗು ಬಿಡಿಸಿ ನೋಡಿದಳು.

"ತವರವ್ರು ತುಂಡ ಸೀರಿ ತಂದಾರಲ್ರೆವಾ. ಪಗಾರ ಎಣಿಸಿದ ಕೈಗೆ ಒಂದು ಇಡೀ ಸೀರಿ ಎತ್ತಾಕ ಆಗ್ಲಿಲ್ಲೇನು?"

ನಾನು ಕತ್ತರಿಸಿದ ಅಂಚನ್ನು ಒಳಗೆ ಮಡಚಿ, ಚಾದರದ ಮೂಲೆಯಂತೆ ಬಿಗಿಯಾಗಿ ಸಿಕ್ಕಿಸಿದೆ.

ಮಣ್ಣು ಮಾಡಿ ಬಂದಮೇಲೆ ಸತ್ತವಳ ಹಾಸಿಗೆಯನ್ನು ಊರಾಚೆ ಒಗೆಯಲು ಎತ್ತಿದರು. ಗಾದಿ ಹೋಯಿತು, ದಿಂಬು ಹೋಯಿತು, ಕಂಬಳಿ ಹೋಯಿತು. ಅದೇ ಹಿರಿಯಳು ಕೌದಿಗೆ ಕೈ ಹಾಕಿದಳು.

"ಅದನ್ನ ಬಿಡ್ರಿ," ಎಂದೆ. "ತೇಪಿ ಹಚ್ಚಿದ ಮ್ಯಾಲೆ ಆಕಿ ಅದನ್ನ ಹೊದ್ದಿಲ್ಲ."

ಅದು ಖರೆ ಮಾತು. ಬಿಟ್ಟರು.

ಅವರು ಊರಿಗೆ ಮರಳಿದ ಮೇಲೆ ಬಿಸಿಲು ಬಿತ್ತು. ರೊಟ್ಟಿ ಇಳಿಸಿಕೊಂಡು ಬಂದೆ. ಮುರಿದರೆ ಕಟಕ್ಕೆಂದಿತು. ಒಂದು ಚೂರು ಮೂಲೆಯೊಳಗಿಟ್ಟು, ಸಡಿಲ ಹೊಲಿಗೆ ಹಾಕಿ ಮುಚ್ಚಿದೆ. ನಾಯಿ ಬಂದು ಮೂಲೆ ಮೂಸಿತು. ಅದಕ್ಕೆ ಏನೂ ಸಿಗಲಿಲ್ಲ. ಹೋಗಿ ಖಾಲಿ ಮಂಚದ ಕೆಳಗೆ ಮಲಗಿತು. ಹೊರಗೆ ಹಾಕಲಿಲ್ಲ.