ಗುಡ್ಡ ಮೇಲೇರಿದ ಸುಗ್ಗಿ

ಮೊನ್ನೆ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ನಮ್ಮ ಭತ್ತದ ಪಾಳಿಗಾಗಿ ಕಾಯುತ್ತಾ ಕೂತಿದ್ದೆ. ಎದುರಿಗೆ ಕೊಳವೆಯಿಂದ ಅಕ್ಕಿ ಒಂದೇ ಸಮನೆ ಸುರಿಯುತ್ತಿತ್ತು. ಮುದುಕಿಗೆ ಬೇರೇನು ಕೆಲಸ? ಅದನ್ನೇ ನೋಡಿದೆ, ನೋಡಿದೆ. ಆಮೇಲೆ ಪಕ್ಕದ ಗೋಡೆಯತ್ತ ಕಣ್ಣು ಹೊರಳಿಸಿದೆನೋ ಇಲ್ಲವೋ, ಗೋಡೆ ಮೆಲ್ಲಗೆ ಮೇಲೇರತೊಡಗಿತು! ಖುಷಿ ತಡೆಯಲಾಗದೆ ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ನಗಬೇಡಿ. ಹೀಗೇ ಏರಿದ ಗುಡ್ಡವೊಂದು ಹಿಂದೆ ನನ್ನ ಸಂಸಾರವನ್ನೇ ಮುರಿಯುವುದರಲ್ಲಿತ್ತು.

ಆಗ ನಿಜಾಮನ ಕಾಲ. ಹುಲಿಹೈದರಕ್ಕೆ ಸೊಸೆಯಾಗಿ ಬಂದ ಮೊದಲ ಸುಗ್ಗಿ. ಕಣದಲ್ಲಿ ಜೋಳ ತೂರುವಾಗ ನಮ್ಮತ್ತೆಯದೊಂದು ಕಟ್ಟುನಿಟ್ಟು: ರಾಶಿಪೂಜೆ ಆಗುವವರೆಗೆ ಯಾರೂ ತುಟಿ ಬಿಚ್ಚಬಾರದು, ಬಿಚ್ಚಿದರೆ ರಾಶಿಯ ಹುಲುಸು ಹೋಗುತ್ತದೆ. ನನಗೋ ಬಾಯಿ ಮುಚ್ಚಿ ಕೂರುವುದೆಂದರೆ ಉಪವಾಸಕ್ಕಿಂತ ಕಷ್ಟ. ಮಾವ ಎತ್ತರದಲ್ಲಿ ನಿಂತು ಮೊರದಿಂದ ಜೋಳ ಸುರಿಯುತ್ತಿದ್ದರು. ನಾನು ಕೆಳಗೆ ಕಸಬರಿಗೆ ಹಿಡಿದು, ಬೀಳುವ ಕಾಳಿನ ಮೇಲೇ ಕಣ್ಣಿಟ್ಟು ಹೊಟ್ಟು ಸರಿಸಬೇಕು. ಬಹಳ ಹೊತ್ತಿನ ಮೇಲೆ ಗಾಳಿ ನಿಂತಿತು, ಮಾವ ಕೈ ತಡೆದರು. ತಲೆಯೆತ್ತಿ ಎದುರಿನ ಗುಡ್ಡ ನೋಡುತ್ತೇನೆ, ಅಯ್ಯೋ, ಏರುತ್ತಿದೆ! ಬಂಡೆಗಳೆಲ್ಲ ಏರುತ್ತಿವೆ, ಆದರೆ ಇದ್ದಲ್ಲೇ ಇವೆ!

"ಯವ್ವಾ! ಗುಡ್ಡ ಮ್ಯಾಲ ಹೊಂಟೈತ್ರೀ!" ಎಂದು ಕಿರುಚಿದೆ.

ಅತ್ತೆಯ ಮುಖ ಕಪ್ಪಿಟ್ಟಿತು. "ರಾಶಿ ಕೆಡಿಸಿದಿ. ತಲಿ ನೆಟ್ಟಗಿಲ್ಲದಾಕಿನ್ನ ನಮ್ಮ ಕೊಳ್ಳಿಗೆ ಕಟ್ಯಾರ," ಎಂದವರೇ ಮಗನತ್ತ ತಿರುಗಿ, "ಗಾಡಿ ಹೂಡೋ, ಇಕಿನ್ನ ತವರಿಗೆ ಬಿಟ್ಟು ಬಾ," ಎಂದರು. ನನ್ನ ಗಂಡ ತಲೆ ತಗ್ಗಿಸಿ ಎತ್ತು ತರಲು ಹೋದರು. ತಾಯಿಗೆ ಎದುರಾಡುವ ಎದೆ ಅವರಿಗೆ ಎಂದೂ ಇರಲಿಲ್ಲ.

ಗಾಡಿಯ ಪಕ್ಕ ಅಳುತ್ತಾ ನಿಂತೆ. ಅಪ್ಪನಿಗೆ ಏನು ಹೇಳಲಿ? ಗುಡ್ಡ ಏರಿತು, ಅದಕ್ಕೇ ಬಂದೆ ಅನ್ನಲೇ? ಅಷ್ಟರಲ್ಲಿ ಮತ್ತೆ ಗಾಳಿ ಎದ್ದಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಸೊಸೆಯನ್ನು ಬಿಟ್ಟರೂ ಗಾಳಿಯನ್ನು ಬಿಡಲಾದೀತೆ? ಕಸಬರಿಗೆ ಹಿಡಿದು ಅತ್ತೆಯೇ ನನ್ನ ಜಾಗದಲ್ಲಿ ಕೂತರು.

ಗಾಳಿ ನಿಂತಾಗ ಅವರೂ ಬೆನ್ನು ನೆಟ್ಟಗೆ ಮಾಡಿಕೊಂಡು ಗುಡ್ಡದ ಕಡೆ ನೋಡಿದರು. ನೋಡಿದವರು ಹಾಗೇ ಉಳಿದರು. ಕಡೆಗೆ "ಏ ಶಿವನೇ!" ಎಂದು ಕಣಕ್ಕೆಲ್ಲ ಕೇಳುವಂತೆ ಕೂಗಿದರು.

ನನ್ನನ್ನು ನೋಡಿದರು, ಗುಡ್ಡವನ್ನು ನೋಡಿದರು. ಆಮೇಲೆ ಮಗನಿಗೆ, "ಎತ್ತು ಬಿಚ್ಚೋ. ಇಕಿ ಹೋದ್ರ ನಾನೂ ಇಕಿ ಜೋಡಿನ ಹೋಗಬೇಕಾಗತೈತಿ," ಎಂದರು. ಆ ಮಧ್ಯಾಹ್ನ ಮಾವನೂ ಕೂತು ನೋಡಿದರು, ಗಂಡನೂ ನೋಡಿದರು. ಪೂಜೆ ತಡವಾಯಿತು, ರಾಶಿ ಮಾತ್ರ ಕಡಿಮೆಯಾಗಲಿಲ್ಲ.

ಎಷ್ಟೋ ವರ್ಷದ ಮೇಲೆ, ಕೊಪ್ಪಳದಲ್ಲಿ ಕಾಲೇಜು ಓದುವ ಮೊಮ್ಮಗಳು ಇದರ ಗುಟ್ಟು ಬಿಡಿಸಿದಳು. ಮಿದುಳಿನಲ್ಲಿ ಇಳಿಯುವುದನ್ನು ಗುರುತಿಸುವ ಕೋಶಗಳು ಬೇರೆ, ಏರುವುದನ್ನು ಗುರುತಿಸುವವು ಬೇರೆಯಂತೆ. ಇಳಿಯುವುದನ್ನೇ ನೋಡುತ್ತಿದ್ದರೆ ಮೊದಲಿನವು ದಣಿಯುತ್ತವಂತೆ. ಆಗ ಎರಡನೆಯವುಗಳ ಮಾತೇ ಮೇಲಾಗಿ, ನಿಂತ ಗುಡ್ಡವೂ ಏರಿದಂತೆ ಕಾಣುತ್ತದಂತೆ. ಅಂದರೆ ನೋಡುವುದು ಬರೀ ಕಣ್ಣಲ್ಲ, ಮಿದುಳು! ಕೇಳಿ ಕುಣಿಯುವಂತಾಯಿತು. ಇದನ್ನು ಕೇಳಲು ಅತ್ತೆ ಇಲ್ಲವಲ್ಲ ಎಂದು ಸಂಕಟವೂ ಆಯಿತು.

ಗಿರಣಿಯಲ್ಲಿ ನನ್ನ ಚಪ್ಪಾಳೆ ಕೇಳಿ, ಚೆಲ್ಲಿದ ಅಕ್ಕಿ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಹತ್ತಿರ ಬಂದಳು. "ಏನಾತ್ರಿ ಅಮ್ಮಾ?"

"ಗೋಡಿ ಮ್ಯಾಲ ಹೋತವ್ವಾ," ಎಂದೆ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಿಮಗೂ ಹಂಗ ಕಾಣ್ತೈತೇನ್ರಿ? ನನಗ ದಿನಾ ಕಾಣ್ತೈತ್ರಿ. ತಲಿ ಕೆಟ್ಟೈತಿ ಅಂತಾರಂತ ಅಂಜಿ ಮನ್ಯಾಗ ಹೇಳಿಲ್ರಿ."

ನಾನು ಬೆಂಚಿನಲ್ಲಿ ಸರಿದು ಜಾಗ ಮಾಡಿದೆ.

"ಬಾ, ಕುಂದ್ರವ್ವಾ," ಎಂದೆ. "ನಮ್ಮತ್ತಿಗೂ ಕಂಡಿತ್ತು."